ಇಪ್ಪತ್ತು ಎಂಎಲ್ ಸಿರಿಂಜು, ಮೊಟ್ಟೆಯ ಪೊರೆ: ಶಾಲೆಗೊಂದು ಆಸ್ಮೋಮೀಟರ್ ಕಟ್ಟುವ ಬಗೆ

ಪೊರೆಯ ಮೂಲಕ ನೀರು ತೆಳು ದ್ರಾವಣದ ಕಡೆಯಿಂದ ಗಾಢ ದ್ರಾವಣದ ಕಡೆಗೆ ಸಾಗುವುದೇ ಅಭಿಸರಣೆ (ಆಸ್ಮೋಸಿಸ್), ಅದನ್ನು ಅಳೆಯುವ ಸಾಧನ ಆಸ್ಮೋಮೀಟರ್. ಅಭಿಸರಣೆಗೆ ಪಠ್ಯಪುಸ್ತಕದಲ್ಲಿ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಥಿಸಲ್ ಫನಲ್ಲಿನ (ಉದ್ದ ಕೊಳವೆಯ ಗಾಜಿನ ಆಲಿಕೆ) ಬಾಯಿಗೆ ಮೊಟ್ಟೆಯ ಪೊರೆ, ಒಳಗೆ ಸಕ್ಕರೆ ದ್ರಾವಣ, ಹೊರಗೆ ಬರೀ ನೀರು, ಕೊಳವೆಯಲ್ಲಿ ಏರಿದ ಮಟ್ಟಕ್ಕೆ ಒಂದು ಬಾಣ. ಇದನ್ನೇ ಮೇಜಿನ ಮೇಲೆ ಕಟ್ಟಲು ಹೊರಟರೆ ಎರಡು ಕಡೆ ಕೆಲಸ ನಿಲ್ಲುತ್ತದೆ. ಗಾಜಿನ ಬಾಯಿ ನುಣುಪಾಗಿರುವುದರಿಂದ ಒದ್ದೆ ಪೊರೆ ದಾರದ ಸಮೇತ ಜಾರುತ್ತದೆ. ಕೊಳವೆ ದಪ್ಪವಾದರೆ ಒಂದು ಪೀರಿಯಡ್ಡಿನೊಳಗೆ ಮಟ್ಟ ಏರಿದ್ದು ಕಣ್ಣಿಗೆ ಬೀಳುವುದಿಲ್ಲ. ಸಿರಿಂಜು ಮತ್ತು ಡ್ರಿಪ್ ಸೆಟ್ಟಿನಿಂದ (ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಟ್ಯೂಬು) ಕಟ್ಟಿದರೆ ಎರಡೂ ತಾಪತ್ರಯ ತಪ್ಪುತ್ತದೆ. ಸಾಮಾನು ತೀರ್ಥಹಳ್ಳಿ, ಸಾಗರ, ಸೊರಬ ಎಲ್ಲಿಯ ಮೆಡಿಕಲ್ ಶಾಪಿನಲ್ಲಾದರೂ ಸಿಗುತ್ತದೆ.

ಕಟ್ಟುವ ಮೊದಲು ಒಂದು ಲೆಕ್ಕ ಮಾಡಿಕೊಳ್ಳಬೇಕು, ಯಾಕೆಂದರೆ ಈ ಉಪಕರಣ ಏನನ್ನು ಅಳೆಯುತ್ತದೆ ಎಂಬುದೇ ಅದರ ಮೇಲೆ ನಿಂತಿದೆ. ವ್ಯಾಂಟ್ ಹಾಫ್ 1880ರ ದಶಕದಲ್ಲಿ ಕೊಟ್ಟ ಸೂತ್ರದಂತೆ ಅಭಿಸರಣ ಒತ್ತಡ (ಪೊರೆ ದಾಟಿ ಬರುವ ನೀರನ್ನು ತಡೆಯಲು ಬೇಕಾಗುವ ಒತ್ತಡ) ಎಂದರೆ ಸಾರತೆ (ದ್ರಾವಣ ಎಷ್ಟು ಗಾಢ ಎಂಬ ಅಳತೆ), ಅನಿಲ ಸ್ಥಿರಾಂಕ, ಕೆಲ್ವಿನ್ ತಾಪಮಾನ ಮೂರರ ಗುಣಲಬ್ಧ. 1 ಮೋಲಾರ್ (ಲೀಟರಿಗೆ ಒಂದು ಮೋಲ್, ಸಕ್ಕರೆಯಾದರೆ ಸುಮಾರು 342 ಗ್ರಾಂ) ಸಕ್ಕರೆ ದ್ರಾವಣ, 27 ಡಿಗ್ರಿ ಸೆಲ್ಸಿಯಸ್: 1 × 0.0831 × 300, ಅಂದರೆ ಸುಮಾರು 25 ಬಾರ್ (ಒಂದು ಬಾರ್ ಹೆಚ್ಚುಕಡಿಮೆ ಗಾಳಿಯ ಒತ್ತಡದಷ್ಟು). ನೀರಿನ ಕಂಬದ ಲೆಕ್ಕದಲ್ಲಿ ಇದು 254 ಮೀಟರ್. ಜೋಗದಲ್ಲಿ ಶರಾವತಿ ಧುಮುಕುವ ಎತ್ತರ 253 ಮೀಟರ್. ಗಾಢ ದ್ರಾವಣದಲ್ಲಿ ನಿಜವಾದ ಒತ್ತಡ ಈ ಸರಳ ಲೆಕ್ಕಕ್ಕಿಂತ ಇನ್ನೂ ಹೆಚ್ಚು. ಹಾಗಿರುವಾಗ ಒಂದು ಮೀಟರ್ ಕೊಳವೆಯಲ್ಲಿ ಮಟ್ಟ ಎಲ್ಲೋ 40 ಸೆಂ.ಮೀ.ಗೆ ನಿಂತರೆ ಅದು ‘ಸಮತೋಲನ’ ಅಲ್ಲ. ಪೊರೆಯ ಮೂಲಕ ಸಕ್ಕರೆ ಸೋರಿದೆ, ಒಳಗಿನ ದ್ರಾವಣ ತೆಳುವಾಗಿದೆ, ಕಂಬದ ಭಾರಕ್ಕೆ ಒಂದಿಷ್ಟು ನೀರು ಹಿಂದಕ್ಕೂ ಜಿನುಗುತ್ತಿದೆ, ಅಷ್ಟೇ. ಮಟ್ಟ ನಿಂತ ಎತ್ತರವನ್ನು ಅಭಿಸರಣ ಒತ್ತಡ ಎಂದು ಬರೆಸುವುದು ತಪ್ಪು. ಇಲ್ಲಿ ಅಳೆಯಬಹುದಾದದ್ದು ಮಟ್ಟ ಏರುವ ವೇಗ ಮಾತ್ರ. ಒತ್ತಡವನ್ನೇ ಅಳೆಯಬೇಕೆಂದರೆ ಫೆಫರ್ 1877ರಲ್ಲಿ ಮಾಡಿದಂತೆ ಸುಟ್ಟ ಮಣ್ಣಿನ ಪಾತ್ರೆಯ ಗೋಡೆಯೊಳಗೆ ತಾಮ್ರದ ಫೆರೋಸಯನೈಡ್ ಪೊರೆ ಬೆಳೆಸಿ ಮಾನೋಮೀಟರ್ (ಒತ್ತಡ ಅಳೆಯುವ ಮಾಪಕ) ಕೂರಿಸಬೇಕು. ಅದು ಶಾಲೆಯ ಮೇಜಿನ ಕೆಲಸವಲ್ಲ.

ಪೊರೆ ತಯಾರಿ

ಮೊಟ್ಟೆ ಹಳೆಯದಾಗಿರಬಾರದು. ನೀರಿನಲ್ಲಿ ಹಾಕಿದಾಗ ತಳದಲ್ಲಿ ಅಡ್ಡಡ್ಡ ಮಲಗುವಂಥದ್ದು ಬೇಕು. ನಾಟಿ ಕೋಳಿ ಮೊಟ್ಟೆ ಗಾತ್ರದಲ್ಲಿ ಸಣ್ಣದು, ಪೊರೆಯ ತುಂಡು ಕತ್ತರಿಸಲು ಜಾಗ ಸಾಲುವುದಿಲ್ಲ. ಫಾರ್ಮ್ ಮೊಟ್ಟೆಯೇ ಇರಲಿ. ಚಿಪ್ಪು ಸುಮಾರು 5ರಿಂದ 6 ಗ್ರಾಂ, ಅದರಲ್ಲಿ ನೂರಕ್ಕೆ 94ರಷ್ಟು ಕ್ಯಾಲ್ಸಿಯಂ ಕಾರ್ಬೋನೇಟ್. ಅಷ್ಟನ್ನು ಕರಗಿಸಲು ಶೇ 5ರ ವಿನೆಗರ್ 130 ಎಂಎಲ್ ಆದರೂ ಬೇಕು, ಶೇ 4ರದ್ದಾದರೆ 165 ಎಂಎಲ್. ಒಂದು ಮೊಟ್ಟೆಗೆ 200 ಎಂಎಲ್ ಎಂದಿಟ್ಟುಕೊಂಡು, ಅರ್ಧವನ್ನು ಸಂಜೆ ಹಾಕಿ, ಬೆಳಿಗ್ಗೆ ಚೆಲ್ಲಿ ಉಳಿದರ್ಧ ಹಾಕಬೇಕು. ಸಣ್ಣ ಲೋಟದಲ್ಲಿ ಮೊಟ್ಟೆ ಮುಳುಗುವಷ್ಟೇ ವಿನೆಗರ್ ಸುರಿದು ಬಿಟ್ಟರೆ ಹುಳಿ ಮುಗಿದು, ಚಿಪ್ಪು ಅಲ್ಲಲ್ಲಿ ಉಳಿಯುತ್ತದೆ. ಆ ಉಳಿದ ತುಣುಕನ್ನು ಉಗುರಿನಿಂದ ಕೆರೆದರೆ ಪೊರೆ ಅಲ್ಲೇ ಹರಿಯುವುದು ಖಂಡಿತ. ನಿಂಬೆರಸ ಬೇಡ. ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಕರಗುವುದು ಕಡಿಮೆ, ಪೊರೆಯ ಮೇಲೆ ಬಿಳಿ ಗಸಿಯಾಗಿ ಕೂರುತ್ತದೆ.

ಪಠ್ಯದಲ್ಲಿ ಸೂಚಿಸುವುದು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ. ಕೆಲವು ಗಂಟೆಗಳಲ್ಲೇ ಕೆಲಸ ಮುಗಿಯುತ್ತದೆ ನಿಜ, ಆದರೆ ಹೊತ್ತು ಮೀರಿದರೆ ಪೊರೆ ಸೊರಗುತ್ತದೆ, ಹೊಗೆಯ ಕಾಟ ಬೇರೆ. ಒಂದು ದಿನ ಕಾಯಬಹುದಾದರೆ ವಿನೆಗರ್ ವಾಸಿ.

ಮೊಟ್ಟೆಯನ್ನು ಮೊದಲೇ ಖಾಲಿ ಮಾಡಿದರೆ ಚಿಪ್ಪು ತೇಲಿ, ಮೇಲ್ಭಾಗ ಕರಗದೆ ಉಳಿಯುತ್ತದೆ. ಇಡೀ ಮೊಟ್ಟೆಯನ್ನೇ ಮುಳುಗಿಸಿ. ಚಿಪ್ಪು ಹೋದ ಮೇಲೆ ಅದು ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಅದೇ ಅಭಿಸರಣೆ, ವಿನೆಗರಿನಲ್ಲಿರುವ ನೀರು ಒಳಗೆ ಹೋಗಿದೆ. ಒಂದು ಬೋಗುಣಿ ನೀರಿನೊಳಗೇ ಇಟ್ಟು, ಚೂಪು ಕತ್ತರಿಯಿಂದ ಸಣ್ಣ ತುದಿಯಲ್ಲಿ ಚುಚ್ಚಿ, ಒಳಗಿನದು ಹರಿದುಹೋಗಲು ಬಿಡಿ. ಪೊರೆಗೆ ಅಂಟಿದ ಬಿಳಿಲೋಳೆಯನ್ನು ಬೆರಳ ತುದಿಯಿಂದ, ನೀರು ಬದಲಿಸುತ್ತಾ, ನಿಧಾನ ತೊಳೆಯಬೇಕು. ಲೋಳೆ ಉಳಿದರೆ ನೀರು ಹೋಗುವ ದಾರಿಗೆ ಅದೇ ಅಡ್ಡ. ಹಸಿ ಮೊಟ್ಟೆಯ ಕೆಲಸವಾದ್ದರಿಂದ ಕೈಯನ್ನೂ ಮೇಜನ್ನೂ ಸೋಪು ಹಾಕಿ ತೊಳೆಯಲು ಮರೆಯಬೇಡಿ.

ತುಂಡು ಕತ್ತರಿಸುವುದು ಮೊಟ್ಟೆಯ ಹೊಟ್ಟೆಯ ಭಾಗದಿಂದ. ದಪ್ಪ ತುದಿಯಿಂದ ಬೇಡ. ಅಲ್ಲಿ ಗಾಳಿಗೂಡು ಇರುವುದರಿಂದ ಎರಡು ಪದರ ಬೇರೆಬೇರೆಯಾಗಿರುತ್ತವೆ. ಕಟ್ಟುವಾಗ ಒಂದು ಬಿಗಿಯಾಗಿ ಇನ್ನೊಂದು ಸಡಿಲಾಗುತ್ತದೆ. 4 ಸೆಂ.ಮೀ. ಅಗಲದ ದುಂಡು ತುಂಡು ಸಾಕು.

ಸಿರಿಂಜನ್ನು ಸಜ್ಜು ಮಾಡುವುದು

20 ಎಂಎಲ್ ಸಿರಿಂಜಿನ ಪ್ಲಂಜರ್ ತೆಗೆದಿಟ್ಟರೆ ಉಳಿಯುವುದು ಒಂದು ಕಡೆ ಅಗಲ ಬಾಯಿ, ಇನ್ನೊಂದು ಕಡೆ ಸಪೂರ ಮೂತಿ ಇರುವ ಕೊಳವೆ. ಪೊರೆ ಅಗಲ ಬಾಯಿಗೆ, ಮೂತಿ ಮೇಲಕ್ಕೆ. ಬೆರಳಿಡುವ ಎರಡು ರೆಕ್ಕೆ ಇರುತ್ತವಲ್ಲ, ಅವುಗಳ ಮೂಲೆಗೆ ಪೊರೆ ತಾಗಿದರೆ ಹರಿಯುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ರೆಕ್ಕೆ ಕತ್ತರಿಸಿ, ಸುತ್ತಲೂ 2 ಮಿ.ಮೀ. ಅಂಚು ಮಾತ್ರ ಉಳಿಸಿ, 220 ನಂಬರಿನ ಮರಳು ಕಾಗದದಲ್ಲಿ ತಿಕ್ಕಿ ನುಣ್ಣಗೆ ಮಾಡಬೇಕು. ಆ 2 ಮಿ.ಮೀ. ಅಂಚೇ ಈ ಉಪಕರಣದ ಜೀವ. ದಾರ ಅದರ ಹಿಂದೆ ಕೂತರೆ ಪೊರೆ ಜಾರುವ ಪ್ರಶ್ನೆಯೇ ಇಲ್ಲ.

ಪೊರೆಯನ್ನು ಒದ್ದೆಯಾಗಿಯೇ ಬಾಯಿಯ ಮೇಲೆ ಹರಡಿ, ಸುಕ್ಕಿಲ್ಲದಂತೆ ಸುತ್ತಲೂ ಸಮವಾಗಿ ಎಳೆದು, ಅಂಚಿನ ಹಿಂದೆ ಮೊದಲು ಒಂದು ರಬ್ಬರ್ ಬ್ಯಾಂಡ್ ಹಾಕಿ. ಅದರ ಮೇಲೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ 1 ಸೆಂ.ಮೀ. ಅಗಲದ ಪಟ್ಟಿಯನ್ನು ಎಳೆದೆಳೆದು ಮೂರು ಸುತ್ತು ಸುತ್ತಿ, ಮೇಲೆ ನೂಲು ಬಿಗಿಯಿರಿ. ಮೇಣ ಸುರಿದು ಮುಚ್ಚುವುದು ಉಪಯೋಗಕ್ಕಿಲ್ಲ, ಒದ್ದೆ ಪೊರೆಗೆ ಮೇಣ ಹಿಡಿಯುವುದಿಲ್ಲ. ಪೊರೆ ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ. ಹಾಗಾಗಿ ಕಟ್ಟಿದ ಕ್ಷಣದಿಂದ ಆ ತುದಿ ನೀರಿನಲ್ಲೇ ಇರಲಿ.

ಡ್ರಿಪ್ ಸೆಟ್ಟಿನ ಟ್ಯೂಬಿನಿಂದ ಒಂದು ಮೀಟರ್ ನೇರ ತುಂಡು ಕತ್ತರಿಸಿಕೊಳ್ಳಿ. ಅದರ ಒಳವ್ಯಾಸವನ್ನು ಊಹಿಸಬೇಡಿ. 1 ಎಂಎಲ್ ನೀರನ್ನು ಸಣ್ಣ ಸಿರಿಂಜಿನಿಂದ ಒಳಗೆ ತಳ್ಳಿ, ನೀರಿನ ಉದ್ದ ಎಷ್ಟಾಯಿತು ಎಂದು ಸ್ಕೇಲಿನಲ್ಲಿ ಅಳೆಯಿರಿ. 14 ಸೆಂ.ಮೀ. ಬಂದರೆ ಒಳವ್ಯಾಸ 3 ಮಿ.ಮೀ., ಅಂದರೆ ಮಟ್ಟ 1 ಸೆಂ.ಮೀ. ಏರಿದರೆ ಪೊರೆ ದಾಟಿ ಬಂದ ನೀರು 0.07 ಎಂಎಲ್. ಎಷ್ಟೇ ಬಂದರೂ ಆ ಸಂಖ್ಯೆಯನ್ನು ಟ್ಯೂಬಿಗೇ ಚೀಟಿ ಕಟ್ಟಿ ಬರೆದಿಡಬೇಕು. ಇದಿಲ್ಲದೆ ಎರಡು ಗುಂಪುಗಳ ಫಲಿತಾಂಶವನ್ನು ಅಕ್ಕಪಕ್ಕ ಇಡಲು ಬರುವುದಿಲ್ಲ. ಟ್ಯೂಬಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಮೆತ್ತಗಾಗಿ ಸಿರಿಂಜಿನ ಮೂತಿಯ ಮೇಲೆ ಬಿಗಿಯಾಗಿ ಏರುತ್ತದೆ. ಸ್ಟ್ಯಾಂಡಿಗೆ ಒಂದೂಕಾಲು ಮೀಟರಿನ ಅಡಿಕೆ ದಬ್ಬೆ ಚೆನ್ನಾಗಿ ಆಗುತ್ತದೆ. ಒಂದು ಮರದ ತುಂಡಿಗೆ ನೆಟ್ಟಗೆ ಹೊಡೆದು, ಗ್ರಾಫ್ ಕಾಗದದ ಪಟ್ಟಿ ಅಂಟಿಸಿ, ಟ್ಯೂಬನ್ನು ಅದರ ಮೇಲೆ ನೇರವಾಗಿ ಕಟ್ಟಬೇಕು. ಟ್ಯೂಬ್ ಸುರುಳಿಯ ನೆನಪು ಬಿಡದೆ ವಾಲುತ್ತಿದ್ದರೆ ಬಿಸಿನೀರಿನಲ್ಲಿ ಅದ್ದಿ, ಎಳೆದು ಹಿಡಿದು ತಣಿಸಿ.

ಸೋರಿಕೆ ಪರೀಕ್ಷೆ

ಸಕ್ಕರೆ ಹಾಕುವ ಮೊದಲು ಬರೀ ನೀರು ತುಂಬಿ, ಟ್ಯೂಬಿನಲ್ಲಿ 30 ಸೆಂ.ಮೀ. ಕಂಬ ನಿಲ್ಲಿಸಿ, ಪೊರೆಯನ್ನು ಬಟ್ಟೆಯಿಂದ ಒತ್ತಿ ಒರೆಸಿ, ಖಾಲಿ ತಟ್ಟೆಯ ಮೇಲೆ ಹತ್ತು ನಿಮಿಷ ನೇತುಹಾಕಿ. ಹನಿ ಎಲ್ಲಿ ಕಟ್ಟುತ್ತದೆ ಎಂದು ನೋಡಿದರೆ ಸಾಕು. ಅಂಚಿನಲ್ಲಿ ಕಟ್ಟಿದರೆ ಕಟ್ಟು ಸಡಿಲ, ಇನ್ನೊಮ್ಮೆ ಬಿಗಿಯಬೇಕು. ಮಧ್ಯದಲ್ಲಿ ಒಂದೇ ಜಾಗದಲ್ಲಿ ಕಟ್ಟಿದರೆ ತೂತು, ಪೊರೆ ಬದಲಿಸಬೇಕು. ಇಡೀ ಮೈ ತೆಳುವಾಗಿ ಬೆವರಿದಂತಾದರೆ ಚಿಂತೆಯಿಲ್ಲ. ಮೊಟ್ಟೆಯ ಪೊರೆ ಪ್ರೋಟೀನ್ ಎಳೆಗಳ ನೇಯ್ಗೆ, ಒತ್ತಡ ಇದ್ದಲ್ಲಿ ಒಂದಿಷ್ಟು ನೀರು ಬಿಟ್ಟೇ ಬಿಡುತ್ತದೆ.

ದ್ರಾವಣ

ಅಂಗಡಿಯ ಬಿಳಿ ಸಕ್ಕರೆ ಹೆಚ್ಚುಕಡಿಮೆ ಶುದ್ಧ ಸುಕ್ರೋಸ್, ಮೋಲಾರ್ ತೂಕ 342.3. 250 ಎಂಎಲ್ 1 ಮೋಲಾರ್ ದ್ರಾವಣಕ್ಕೆ 85.6 ಗ್ರಾಂ ಸಕ್ಕರೆ ತೂಗಿ, 150 ಎಂಎಲ್ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ 250ರ ಗೆರೆ ಮುಟ್ಟುವಷ್ಟು ನೀರು ಸೇರಿಸಬೇಕು. ಅತಿ ಹೆಚ್ಚು ಎಡವಟ್ಟಾಗುವುದು ಈ ಹಂತದಲ್ಲೇ. 100 ಎಂಎಲ್ ನೀರಿಗೆ 34.2 ಗ್ರಾಂ ಸಕ್ಕರೆ ಸುರಿದರೆ ಒಟ್ಟು ಗಾತ್ರ 121 ಎಂಎಲ್ ಆಗುತ್ತದೆ, ಸಾರತೆ 0.82ಕ್ಕೆ ಇಳಿಯುತ್ತದೆ.

ಮಳೆಗಾಲದಲ್ಲಿ ತೂಕಕ್ಕೇ ನಂಬಿಕೆಯಿಲ್ಲ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ, ಶೇ 85ರ ಆಸುಪಾಸಿನಲ್ಲಿ ಸಕ್ಕರೆಯೂ. ಆಷಾಢದಲ್ಲಿ ಆಗುಂಬೆ, ಹೊಸನಗರ ಕಡೆ ಗಾಳಿ ಇದಕ್ಕಿಂತ ಒದ್ದೆಯಾಗಿರುವ ದಿನಗಳೇ ಹೆಚ್ಚು. ಹೋಲಿಕೆಗೆ ಉಪ್ಪಿನ ದ್ರಾವಣವನ್ನೂ ಓಡಿಸುವುದಾದರೆ ಉಪ್ಪನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಆರಿಸಿ, ಆಮೇಲೆ ತೂಗಿ. ಸಕ್ಕರೆಯನ್ನು ಹುರಿಯುವಂತಿಲ್ಲ, ಅದಕ್ಕೆ ಆಗಷ್ಟೇ ಒಡೆದ ಪ್ಯಾಕೆಟ್ಟೇ ಆಗಬೇಕು. ಹೊರಗಿನ ಪಾತ್ರೆಗೆ ಡಿಸ್ಟಿಲ್ಡ್ ನೀರು ಹುಡುಕಿಕೊಂಡು ಹೋಗುವುದು ಬೇಡ. ಅಬ್ಬಿ ನೀರು, ಬಾವಿ ನೀರು ಧಾರಾಳ ಸಾಕು.

ಓಡಿಸುವುದು

ಟ್ಯೂಬನ್ನು ಬಿಚ್ಚಿ, ಪರೀಕ್ಷೆಯ ನೀರನ್ನು ಪೂರ್ತಿ ಚೆಲ್ಲಿ, ದಪ್ಪ ಸೂಜಿಯ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಂಡು, ಮೂತಿಯ ಮೂಲಕ 1 ಮೋಲಾರ್ ದ್ರಾವಣವನ್ನು ತುಳುಕುವಷ್ಟು ತುಂಬಿ. ಟ್ಯೂಬಿನ ಕೆಳತುದಿಯಲ್ಲಿ ನಾಲ್ಕೈದು ಸೆಂ.ಮೀ. ದ್ರಾವಣ ಎಳೆದು, ಮೇಲ್ತುದಿಯನ್ನು ಬೆರಳಿನಲ್ಲಿ ಮುಚ್ಚಿ ಮೂತಿಗೆ ಏರಿಸಿದರೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಸಿರಿಂಜಿನ ಹೊರಮೈಗೆ ಅಂಟಿದ ಸಕ್ಕರೆ ತೊಳೆದು, 500 ಎಂಎಲ್ ನೀರಿರುವ ಪಾತ್ರೆಯಲ್ಲಿ ಪೊರೆ 3 ಸೆಂ.ಮೀ. ಮುಳುಗುವಂತೆ, ತಳಕ್ಕೆ ತಾಗದಂತೆ ನೇತುಹಾಕಿ. ಪಾತ್ರೆ ದೊಡ್ಡದಿದ್ದಷ್ಟೂ ಒಳ್ಳೆಯದು. ಒಳಗಿನ ಸಕ್ಕರೆ ಪೂರ್ತಿ ಸೋರಿ ಬಂದರೂ 500 ಎಂಎಲ್‌ನಲ್ಲಿ 0.05 ಮೋಲಾರ್ ಮೀರುವುದಿಲ್ಲ.

ಪೊರೆ ಕೆಳಗಿರಬೇಕು ಎನ್ನುವುದಕ್ಕೆ ಕಾರಣವಿದೆ. ಪೊರೆ ದಾಟಿ ಬಂದ ನೀರು ಅದರ ಒಳಮೈಗೆ ತೆಳು ದ್ರಾವಣದ ಒಂದು ಪದರ ಕಟ್ಟುತ್ತದೆ. ಆ ಪದರ ಅಲ್ಲೇ ನಿಂತರೆ ಪೊರೆಯ ಪಾಲಿಗೆ ಒಳಗಿರುವುದು 1 ಮೋಲಾರ್ ಅಲ್ಲ, ಅರ್ಧವೋ ಕಾಲೋ. ಪೊರೆ ಕೆಳಗಿದ್ದರೆ ತೆಳು ದ್ರಾವಣ ಹಗುರವಾದ್ದರಿಂದ ಮೇಲೇಳುತ್ತದೆ, ಗಾಢವಾದದ್ದು ಇಳಿದು ಬಂದು ಪೊರೆಗೆ ತಾಗುತ್ತದೆ. ಹೊರಗೆ ಸೋರಿದ ಸಕ್ಕರೆಯೂ ಕೆಳಕ್ಕೆ ಜಾರಿ ದೂರವಾಗುತ್ತದೆ. ಕಲಕುವ ಕೆಲಸ ತಾನಾಗಿಯೇ ನಡೆಯುತ್ತದೆ.

ಮೊದಲ ಹತ್ತು ನಿಮಿಷದ ಓದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ಪೊರೆ ಉಬ್ಬಿ ಜಾಗ ಮಾಡಿಕೊಳ್ಳುತ್ತಿರುತ್ತದೆ. ಆಮೇಲೆ ಐದೈದು ನಿಮಿಷಕ್ಕೆ ಮಿ.ಮೀ.ನಲ್ಲಿ ಬರೆದು, 10ರಿಂದ 40 ನಿಮಿಷದವರೆಗಿನ ಗೆರೆಯ ಇಳಿಜಾರು ತೆಗೆದರೆ ಅದೇ ಉತ್ತರ. ಸಾರತೆಗಳನ್ನು ಹೋಲಿಸುವುದಾದರೆ ಅದೇ ಪೊರೆಯನ್ನು ನಡುನಡುವೆ ತೊಳೆದು 0.25, 0.5, ಕೊನೆಗೆ 1 ಮೋಲಾರ್ ಓಡಿಸಿ. ತೆಳುವಿನಿಂದ ಗಾಢಕ್ಕೆ ಹೋಗುವ ಕ್ರಮವೇ ಸರಿ, ಹಿಂದಿನ ಸಕ್ಕರೆಯ ಅಂಶ ಉಳಿದರೂ ಹೆಚ್ಚು ಕೆಡುವುದಿಲ್ಲ. ವೇಗಗಳು ಸರಿಯಾಗಿ 1:2:4 ಬರುವುದಿಲ್ಲ. 1 ಮೋಲಾರಿನದ್ದು ತುಸು ಹಿಂದೆ ಬೀಳುತ್ತದೆ, ಯಾಕೆಂದರೆ ನೀರು ಜೋರಾಗಿ ಬಂದಷ್ಟೂ ಮೇಲೆ ಹೇಳಿದ ತೆಳು ಪದರ ದಪ್ಪವಾಗುತ್ತದೆ.

ಕೆಡುವುದು ಹೇಗೆ

ಮಟ್ಟ ಏರಲೇ ಇಲ್ಲವೆಂದರೆ ಮೊದಲು ಗುಳ್ಳೆ ನೋಡಿ, ಆಮೇಲೆ ಮೂತಿಯ ಜೋಡಣೆ, ಆಮೇಲೆ ಪೊರೆಯಲ್ಲಿ ಉಳಿದ ಲೋಳೆ. ಏರಿ, ಬೇಗನೆ ನಿಂತು, ಇಳಿಯತೊಡಗಿದರೆ ಒಳಗೆ ಉಪ್ಪು ಇರಬೇಕು. ಉಪ್ಪಿನ ಅಯಾನುಗಳು ಸಣ್ಣವು, ಮೊಟ್ಟೆಯ ಪೊರೆಯನ್ನು ಸಲೀಸಾಗಿ ದಾಟುತ್ತವೆ. ಸಕ್ಕರೆಯೂ ದಾಟುತ್ತದೆ, ಆದರೆ ನಿಧಾನ. ಆ ನಿಧಾನವೇ ನಮಗೆ ಸಿಗುವ ಒಂದು ಗಂಟೆ.

ಸಕ್ಕರೆಗೆ ಬದಲು ಜೋನಿ ಬೆಲ್ಲ ಹಾಕಬಹುದೇ ಎಂದರೆ, ಹಾಕಬಹುದು. ಕಂದು ಬಣ್ಣ ಇರುವುದರಿಂದ ಮಟ್ಟ ಚೆನ್ನಾಗಿ ಕಾಣುತ್ತದೆ, ಬೇರೆ ಬಣ್ಣ ಬೇಡ. ಆದರೆ ಅದರಲ್ಲಿ ಸುಕ್ರೋಸ್ ಜೊತೆ ಗ್ಲೂಕೋಸ್, ಫ್ರುಕ್ಟೋಸ್, ಲವಣ ಎಲ್ಲ ಇರುವುದರಿಂದ ಸಾರತೆಯ ಲೆಕ್ಕ ಸಿಗುವುದಿಲ್ಲ. ಇನ್ನೊಂದು ಮೋಸ: ನೀರು ಬೆರೆಸಿದ ಬೆಲ್ಲ ರಾತ್ರಿ ಕಳೆಯುವುದರೊಳಗೆ ಹುಳಿಯತೊಡಗಿ ಗಾಳಿ ಬಿಡುತ್ತದೆ. ಬೆಳಿಗ್ಗೆ ಮಟ್ಟ ಮೇಲೇರಿದ್ದು ಕಂಡರೆ ಅದು ಅಭಿಸರಣೆಯಲ್ಲ, ಈಸ್ಟ್. ತೋರಿಸಲಿಕ್ಕೆ ಮಾತ್ರವಾದರೆ ಸರಿ, ಅಳತೆಗೆ ಬೇಡ.

ಗಾಜಿನ ಫನಲ್ಲಿನಲ್ಲೇ ಮಾಡುವವರಿಗೆ ಬಿಸಿಲಿನ ಕಾಟ ಇದೆ. 40 ಎಂಎಲ್ ದ್ರಾವಣ ಒಂದು ಡಿಗ್ರಿ ಬಿಸಿಯಾದರೆ 3 ಮಿ.ಮೀ. ಕೊಳವೆಯಲ್ಲಿ ಮಟ್ಟ ಒಂದೂವರೆ ಮಿ.ಮೀ. ಏರುತ್ತದೆ. ಮಾಘ, ಫಾಲ್ಗುಣದಲ್ಲಿ ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ ಬರುವಷ್ಟರಲ್ಲಿ ಇದು ಸೆಂಟಿಮೀಟರುಗಟ್ಟಲೆ ಆಗಬಹುದು. ಸಿರಿಂಜಿನ ಪ್ಲಾಸ್ಟಿಕ್ ತಾನೂ ಹಿಗ್ಗುವುದರಿಂದ ಇದರ ಬಹುಪಾಲು ಸರಿದೂಗುತ್ತದೆ. ಹಾಗಿದ್ದರೂ ಒಳಗೆ, ಹೊರಗೆ ಎರಡೂ ಕಡೆ ನೀರೇ ಇರುವ ಜೋಡಿ ಉಪಕರಣವೊಂದು ಪಕ್ಕದಲ್ಲಿರಲಿ.

ಮೊಟ್ಟೆ ಬೇಡ ಎನ್ನುವ ಶಾಲೆಗಳಲ್ಲಿ ಸೆಲೋಫೇನ್ ಕಾಗದ ಬಳಸಬಹುದು, ಆದರೆ ಸೆಲೋಫೇನ್ ಎಂದು ಅಂಗಡಿಯಲ್ಲಿ ಕೊಡುವುದು ಬಹುತೇಕ ಪ್ಲಾಸ್ಟಿಕ್. ಒಂದು ಚೂರು ನೀರಿಗೆ ಹಾಕಿ. ನಿಜವಾದದ್ದು ಒದ್ದೆಯಾಗಿ ಮೆತ್ತಗಾಗುತ್ತದೆ, ಬೆಂಕಿ ತಾಗಿಸಿದರೆ ಕಾಗದದಂತೆ ಉರಿಯುತ್ತದೆ. ಪ್ಲಾಸ್ಟಿಕ್ ಕರಗಿ ಗಂಟಾಗುತ್ತದೆ. ನೀರಿಗೆ ಹಾಕಿದರೂ ಗರಿಗರಿಯಾಗಿಯೇ ಉಳಿದರೆ ಮೇಲೆ ಲೇಪನವಿದೆ, ಅದೂ ಆಗದು.

ಜೀವಂತ ಪೊರೆಯ ಜೊತೆ ತಾಳೆ ನೋಡುವುದು

ಮೊಟ್ಟೆಯ ಪೊರೆ ಜೀವಕೋಶದ ಪೊರೆಯಲ್ಲ. ಕೋಶದ ಪೊರೆ ಕೊಬ್ಬಿನ ಎರಡು ಪದರ, ದಪ್ಪ ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತ ಕಡಿಮೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಅದರ ಮೂಲಕ ನೇರ ವಿಸರಣೆಯಾಗುತ್ತವೆ. ನೀರು ಆ ದಾರಿಯಲ್ಲೂ, ಅಕ್ವಾಪೋರಿನ್ ಎಂಬ ಪ್ರೋಟೀನ್ ಕಾಲುವೆಗಳಲ್ಲೂ ಹೋಗುತ್ತದೆ. ಈ ಕಾಲುವೆ ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಸಕ್ಕರೆ, ಅಯಾನುಗಳಿಗೆ ತಮ್ಮದೇ ಪ್ರೋಟೀನ್ ಬಾಗಿಲು ಇಲ್ಲದಿದ್ದರೆ ಪ್ರವೇಶವಿಲ್ಲವೆಂದೇ ಹೇಳಬಹುದು. ಸಿರಿಂಜಿನಲ್ಲಿ ಸೋರುವ ಉಪ್ಪು ಜೀವಂತ ಕೋಶದಲ್ಲಿ ಹಾಗೆ ಸೋರುವುದಿಲ್ಲ. ಈ ವ್ಯತ್ಯಾಸ ಕಾಣಲು ಆಲೂಗಡ್ಡೆ ಬೇಕು.

ಉಳಿದ 1 ಮೋಲಾರ್ ದ್ರಾವಣದಿಂದ 10, 20, 30, 40, 50 ಎಂಎಲ್ ತೆಗೆದು ಪ್ರತಿಯೊಂದನ್ನೂ 100 ಎಂಎಲ್ ಮಾಡಿದರೆ 0.1ರಿಂದ 0.5ರವರೆಗಿನ ಸಾಲು ಸಿದ್ಧ. ಆರನೆಯದು ಬರೀ ನೀರು. ಒಂದೇ ಗೆಡ್ಡೆಯಿಂದ, ಸಿಪ್ಪೆ ಸ್ವಲ್ಪವೂ ಇಲ್ಲದಂತೆ, 5 ಸೆಂ.ಮೀ. ಉದ್ದ, 1 ಸೆಂ.ಮೀ. ಚೌಕದ ತುಂಡುಗಳು, ಲೋಟಕ್ಕೆ ಮೂರರಂತೆ. ಒಂದೊಂದೂ ಐದು ಗ್ರಾಂ ಚಿಲ್ಲರೆ ತೂಗುತ್ತದೆ, 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ಸಾಕು. ಮುಚ್ಚಿ ಎರಡರಿಂದ ನಾಲ್ಕು ಗಂಟೆ ಬಿಟ್ಟು, ಬಟ್ಟೆಯಲ್ಲಿ ಒಂದೇ ರೀತಿ ಒರೆಸಿ ಮತ್ತೆ ತೂಗಿ. ಇಡೀ ರಾತ್ರಿ ಬಿಟ್ಟರೆ ಲೋಳೆ ಬರುತ್ತದೆ, ತೂಕ ಸುಳ್ಳಾಗುತ್ತದೆ. ಶೇಕಡಾವಾರು ಬದಲಾವಣೆಯ ಗೆರೆ ಸೊನ್ನೆಯನ್ನು ದಾಟುವ ಸಾರತೆ ಸಾಮಾನ್ಯವಾಗಿ 0.2ರಿಂದ 0.35 ಮೋಲಾರ್ ನಡುವೆ ಬರುತ್ತದೆ. 0.3 ಬಂದರೆ, 27 ಡಿಗ್ರಿಯಲ್ಲಿ, 7.5 ಬಾರ್. ಸಿರಿಂಜು ಕೊಡಲಾಗದ ಒತ್ತಡದ ಸಂಖ್ಯೆಯನ್ನು ಆಲೂಗಡ್ಡೆ ಕೊಡುತ್ತದೆ, ಯಾಕೆಂದರೆ ಇಲ್ಲಿ ಕಂಬ ಏರಿಸುವ ಗೋಜಿಲ್ಲ, ನೀರು ಯಾವ ಕಡೆಗೂ ಹೋಗದ ಬಿಂದುವನ್ನು ಹುಡುಕುತ್ತಿದ್ದೇವೆ. ಮೊಳಕೆ ಬಂದ, ಬಾಡಿದ ಗೆಡ್ಡೆಯಲ್ಲೂ ಫ್ರಿಜ್ಜಿನಲ್ಲಿಟ್ಟು ಪಿಷ್ಟ ಸಕ್ಕರೆಯಾದ ಗೆಡ್ಡೆಯಲ್ಲೂ ಈ ಬಿಂದು ಮೇಲಕ್ಕೆ ಸರಿಯುತ್ತದೆ.

ಕೋಶ ಸತ್ತರೆ ಈ ಲೆಕ್ಕವೆಲ್ಲ ಮುಗಿಯಿತು. ಒಂದು ತುಂಡನ್ನು ಎರಡು ನಿಮಿಷ ಕುದಿಸಿ ಅದೇ ಸಾಲಿನಲ್ಲಿಟ್ಟರೆ ಬರೀ ನೀರಿನಲ್ಲೂ ಅದು ಸೆಟೆದುಕೊಳ್ಳುವುದಿಲ್ಲ, ಪೊರೆಯ ಕಾವಲು ಹೋಗಿರುತ್ತದೆ. ಕಲ್ಲುಪ್ಪಿನಲ್ಲಿ ಹಾಕಿದ ಅಪ್ಪೆಮಿಡಿಯಲ್ಲಿ ನಡೆಯುವುದೂ ಈ ಎರಡು ಹಂತವೇ. ಮೊದಲು ಕೋಶದ ನೀರು ಹೊರಬಂದು ಮಿಡಿ ಸುಕ್ಕಾಗುತ್ತದೆ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಕೋಶಗಳು ಸತ್ತ ಮೇಲೆಯೇ ಉಪ್ಪು ಒಳಗಿನವರೆಗೂ ಇಳಿಯುತ್ತದೆ.

ಮೈಕ್ರೋಸ್ಕೋಪ್ ಇದ್ದರೆ ರಿಯೋ ಗಿಡದ ಎಲೆ ತನ್ನಿ, ಕೆಳಮೈ ನೇರಳೆ ಬಣ್ಣದ್ದು. ಎಲೆಯನ್ನು ಓರೆಯಾಗಿ ಹರಿದಾಗ ಅಂಚಿನಲ್ಲಿ ಬರುವ ತೆಳು ನೇರಳೆ ಸಿಪ್ಪೆಯನ್ನು ನೀರಿನ ಹನಿಯಲ್ಲಿಟ್ಟು ನೋಡಿ. ಆಮೇಲೆ ಕವರ್ ಸ್ಲಿಪ್ಪಿನ ಒಂದು ಬದಿಗೆ 0.6 ಮೋಲಾರ್ ಸಕ್ಕರೆ ಹನಿಸಿ, ಇನ್ನೊಂದು ಬದಿಯಿಂದ ಫಿಲ್ಟರ್ ಕಾಗದದಲ್ಲಿ ನೀರು ಎಳೆಯಿರಿ. ಕೆಲವೇ ನಿಮಿಷಗಳಲ್ಲಿ ಮೂಲೆಗಳಿಂದ ನೇರಳೆ ಬಣ್ಣ ಕಳಚಿಕೊಳ್ಳುತ್ತದೆ, ಕೋಶದ ಗೋಡೆ ಇದ್ದಲ್ಲೇ ಇರುತ್ತದೆ, ಗೋಡೆಗೂ ಬಣ್ಣಕ್ಕೂ ನಡುವೆ ಬಿಳಿ ಜಾಗ ಅಗಲವಾಗುತ್ತಾ ಹೋಗುತ್ತದೆ. ಮತ್ತೆ ನೀರು ಹಾಯಿಸಿದಾಗ ಬಣ್ಣ ಗೋಡೆಗೆ ಮರಳಿ ತಾಗಿದರೆ ಕೋಶ ಬದುಕಿದೆ. ಬಣ್ಣ ಹೊರಗೆ ಹರಡಿದರೆ ಸಿಪ್ಪೆ ತೆಗೆಯುವಾಗಲೇ ಪೊರೆ ಒಡೆದಿದೆ, ಬೇರೆ ಸಿಪ್ಪೆ ತೆಗೆಯಬೇಕು.

ಎಲ್ಲ ಮುಗಿದ ಮೇಲೆ ಟ್ಯೂಬಿಗೂ ಸಿರಿಂಜಿಗೂ ಬಿಸಿನೀರು ಹಾಯಿಸಿ ಒಣಗಿಸಿಡಬೇಕು, ಇಲ್ಲವಾದರೆ ಮೂತಿಯೊಳಗೆ ಸಕ್ಕರೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಇರುವೆಯೂ ಮುತ್ತುತ್ತದೆ. ಕಟ್ಟಿದ ಪೊರೆ ಎಸೆಯಿರಿ. ಕತ್ತರಿಸಿ ಉಳಿದ ಹೊಸ ಪೊರೆಯನ್ನು ಶೇ 1ರ ಉಪ್ಪು ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಹಾಳಾಗದೆ ಉಳಿಯುತ್ತದೆ. ಬಳಸುವ ಮೊದಲು ನೀರು ಎರಡು ಸಲ ಬದಲಿಸಿ ತೊಳೆದು, ಸೋರಿಕೆ ಪರೀಕ್ಷೆಯನ್ನು ಮತ್ತೆ ಮಾಡಿ.